ಹೊರದೇಶಕ್ಕೆ ಸೈನ್ಯ ಕಳಿಸುವಾಗ ಸಂಸತ್ತನ್ನು ಕೇಳಬೇಕಾ? ಗುಂಪಿನ ಪ್ರಶ್ನೆಗಳಿಗೆ ರಾಜ್ಯಶಾಸ್ತ್ರದ ಮಾಸ್ತರರ ಉತ್ತರ

ಪ್ರಶ್ನೆ (ಡಿಗ್ರಿ ವಿದ್ಯಾರ್ಥಿ, ಬೆಳಗಾವಿ): ಸರ್, ನಮಸ್ಕಾರ. ನಮ್ಮ ಕಾಲೇಜಿನ ಚರ್ಚಾ ಸ್ಪರ್ಧೆಗೆ ‘ಭಯೋತ್ಪಾದಕರನ್ನು ಹೊಡೆಯಲು ಬೇರೆ ದೇಶಕ್ಕೆ ಸೈನ್ಯ ಕಳಿಸಬೇಕೇ’ ಅನ್ನುವ ವಿಷಯ ಕೊಟ್ಟಿದ್ದಾರೆ. ‘ಇದು ಸೇನೆಗೆ ಬಿಟ್ಟ ವಿಷಯ, ರಾಜಕಾರಣಿಗಳು ಚರ್ಚೆ ಮಾಡಲೇಬಾರದು’ ಅನ್ನುವುದು ಎದುರು ತಂಡದ ವಾದ. ಬೇರೆ ದೇಶಗಳಲ್ಲಿ ಹೇಗೆ ನಡೆಯುತ್ತದೆ?

ಉತ್ತರ: ಒಳ್ಳೆಯ ಪ್ರಶ್ನೆ ತಮ್ಮಾ. ಎದುರು ತಂಡದ ವಾದ ಕೇಳಲು ಚೆನ್ನಾಗಿದೆ, ಆದರೆ ನಿಲ್ಲುವುದಿಲ್ಲ. ಹೇಗೆ ಹೊಡೆಯಬೇಕು ಅನ್ನುವುದು ಸೇನೆಯ ಕೆಲಸ. ಹೋಗಬೇಕಾ ಬೇಡವಾ, ಯಾವಾಗ ವಾಪಸ್ ಬರಬೇಕು ಅನ್ನುವುದು ಜನ ಆರಿಸಿ ಕಳಿಸಿದವರ ಕೆಲಸ.

ಬ್ರಿಟನ್‌ನ ಉದಾಹರಣೆ ನೋಡು. 2015ರ ನವೆಂಬರ್ 13ರಂದು ಪ್ಯಾರಿಸ್ ಮೇಲೆ ಐಸಿಸ್ ದಾಳಿ ಆಯಿತು. ಬ್ರಿಟನ್ ಅಷ್ಟರಲ್ಲಾಗಲೇ ಇರಾಕ್‌ನಲ್ಲಿ ಐಸಿಸ್ ಮೇಲೆ ಬಾಂಬ್ ಹಾಕುತ್ತಿತ್ತು. ಸಿರಿಯಾದಲ್ಲೂ ಹಾಕಬೇಕು ಅಂತ ಪ್ರಧಾನಿ ಡೇವಿಡ್ ಕ್ಯಾಮರೂನ್ ಡಿಸೆಂಬರ್ 2ರಂದು ಸಂಸತ್ತಿನ ಮುಂದೆ ಬಂದರು. ಹತ್ತು ಗಂಟೆಗೂ ಜಾಸ್ತಿ ಚರ್ಚೆ ನಡೆಯಿತು. ವಿರೋಧ ಪಕ್ಷದ ನಾಯಕ ಜೆರೆಮಿ ಕಾರ್ಬಿನ್ ಬೇಡ ಎಂದರು. ಅವರದೇ ಪಕ್ಷದ ಹಿಲರಿ ಬೆನ್, ಅದೇ ಸಾಲಿನಲ್ಲಿ ಎದ್ದು ನಿಂತು, ಬೇಕೇ ಬೇಕು ಎಂದರು. ಇತ್ತ ‘ಸಿರಿಯಾದಲ್ಲಿ ನಮ್ಮ ಜೊತೆ ನಿಲ್ಲಬಲ್ಲ 70 ಸಾವಿರ ಹೋರಾಟಗಾರರಿದ್ದಾರೆ’ ಎಂದು ಪ್ರಧಾನಿ ಹೇಳಿದ ಲೆಕ್ಕವನ್ನು ಅವರ ಪಕ್ಷದವರೇ ಆದ ಜೂಲಿಯನ್ ಲೂಯಿಸ್ ಒಪ್ಪಲಿಲ್ಲ. ಲೂಯಿಸ್ ಆಗ ಸಂಸತ್ತಿನ ರಕ್ಷಣಾ ಸಮಿತಿಯ ಅಧ್ಯಕ್ಷರು! ಕೊನೆಗೆ 397 ಮತ ಪರ, 223 ವಿರುದ್ಧ. ಕೆಲವೇ ಗಂಟೆಗಳಲ್ಲಿ ಸೈಪ್ರಸ್‌ನಿಂದ ಬ್ರಿಟನ್ ಯುದ್ಧವಿಮಾನಗಳು ಸಿರಿಯಾಕ್ಕೆ ಹಾರಿದವು.

ಇದೇ ಕ್ಯಾಮರೂನ್ 2013ರ ಆಗಸ್ಟ್‌ನಲ್ಲಿ, ರಾಸಾಯನಿಕ ಅಸ್ತ್ರದ ವಿಚಾರದಲ್ಲಿ, ಸಿರಿಯಾ ಸರ್ಕಾರದ ಮೇಲೆ ದಾಳಿಗೆ ಒಪ್ಪಿಗೆ ಕೇಳಿದ್ದರು. 285–272ರಲ್ಲಿ ಸೋತರು. ಸೋತ ಮೇಲೆ ದಾಳಿ ಮಾಡಲಿಲ್ಲ. ನಿನ್ನ ಚರ್ಚೆಗೆ ಈ ಎರಡೂ ದಿನ ಇಟ್ಟುಕೋ.

ಜರ್ಮನಿಯಲ್ಲಿ ಇದು ಕಾನೂನೇ. ಸೈನ್ಯ ಹೊರಗೆ ಹೋಗಬೇಕಾದರೆ ಸಂಸತ್ತಿನ ಒಪ್ಪಿಗೆ ಬೇಕು ಅಂತ ಅಲ್ಲಿನ ಸಂವಿಧಾನ ನ್ಯಾಯಾಲಯ 1994ರಲ್ಲಿ ಹೇಳಿತು. 2001ರ ನವೆಂಬರ್‌ನಲ್ಲಿ ಚಾನ್ಸಲರ್ ಶ್ರೋಡರ್ ಭಯೋತ್ಪಾದನೆ ವಿರುದ್ಧದ ಯುದ್ಧಕ್ಕೆ ಸೈನ್ಯ ಕಳಿಸಲು ತಮ್ಮ ಕುರ್ಚಿಯನ್ನೇ ಪಣಕ್ಕಿಟ್ಟು ವಿಶ್ವಾಸಮತ ಕೇಳಿದರು. ಸಿಕ್ಕಿದ್ದು 336, ಬೇಕಿದ್ದದ್ದು 334. 2005ರ ಕಾನೂನಿನ ಪ್ರಕಾರ ಎಲ್ಲಿಗೆ, ಗರಿಷ್ಠ ಎಷ್ಟು ಸೈನಿಕರು, ಎಷ್ಟು ದಿನ, ಖರ್ಚೆಷ್ಟು ಎಲ್ಲವನ್ನೂ ಸರ್ಕಾರ ಬರೆದು ಕೊಡಬೇಕು. ನನಗೆ ತುಂಬಾ ಇಷ್ಟವಾದ ಕಾನೂನು ಇದು.

ಅಮೆರಿಕದ್ದು ಬೇರೆ ಪಾಠ. 2001ರ ಸೆಪ್ಟೆಂಬರ್ 14ರಂದು, ಅಂದರೆ ನ್ಯೂಯಾರ್ಕ್, ವಾಷಿಂಗ್ಟನ್ ಮೇಲೆ ದಾಳಿಯಾದ ಮೂರೇ ದಿನಕ್ಕೆ, ಅಲ್ಲಿನ ಸಂಸತ್ತಿನವರು ಅಧ್ಯಕ್ಷರಿಗೆ ಬಲಪ್ರಯೋಗದ ಅಧಿಕಾರ ಕೊಟ್ಟುಬಿಟ್ಟರು. ಕೆಳಮನೆಯಲ್ಲಿ 420 ಮತ ಪರ, ವಿರುದ್ಧ ಒಂದೇ ಒಂದು, ಸಂಸದೆ ಬಾರ್ಬರಾ ಲೀ ಅವರದ್ದು. ಅದರಲ್ಲಿ ದೇಶದ ಹೆಸರಿಲ್ಲ, ಮುಗಿಯುವ ದಿನಾಂಕ ಇಲ್ಲ. ಅಫ್ಘಾನಿಸ್ತಾನಕ್ಕೆ ಅಂತ ಶುರುವಾದದ್ದು ಯೆಮನ್, ಸೊಮಾಲಿಯಾ, ಸಿರಿಯಾವರೆಗೂ ಹೋಯಿತು. ದಿನಾಂಕ ಬರೆಯದೆ ಒಪ್ಪಿಗೆ ಕೊಟ್ಟರೆ ಹೀಗಾಗುತ್ತದೆ.

ಪ್ರಶ್ನೆ (ಗೃಹಿಣಿ, ಗೋಕಾಕ ತಾಲ್ಲೂಕು): ಸರ್, ನನ್ನ ತಮ್ಮ ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿದ್ದಾನೆ. ಕಳೆದ ವರ್ಷ ಆಪರೇಷನ್ ಸಿಂಧೂರ್ ಆದಾಗ, ಟಿವಿಯಲ್ಲಿ ಕರ್ನಲ್ ಸೋಫಿಯಾ ಖುರೇಷಿ ಬಂದಾಗ, ಕೊಣ್ಣೂರಿನ ಸೊಸೆ ಅಂತ ನಮ್ಮ ಕಡೆ ಎಲ್ಲರಿಗೂ ಹೆಮ್ಮೆ. ಆದರೆ ಯಾರಾದರೂ ಒಂದು ಪ್ರಶ್ನೆ ಕೇಳಿದರೆ ‘ಸೈನಿಕರ ಮನೋಬಲ ಕುಗ್ಗಿಸಬೇಡಿ’ ಅಂತಾರೆ. ನಮ್ಮಲ್ಲಿ ಸಂಸತ್ತಿನ ಒಪ್ಪಿಗೆ ಬೇಕಾ?

ಉತ್ತರ: ಬೇಡ ಅಕ್ಕಾವ್ರೆ. ನಮ್ಮ ಸಂವಿಧಾನದ 53ನೇ ವಿಧಿ ಸೇನೆಯ ಪರಮಾಧಿಕಾರವನ್ನು ರಾಷ್ಟ್ರಪತಿಗೆ ಕೊಟ್ಟಿದೆ, ಅಂದರೆ ನಡೆಸುವವರು ಕೇಂದ್ರ ಸಚಿವ ಸಂಪುಟ. ಯುದ್ಧ ಮತ್ತು ಶಾಂತಿ ಕೇಂದ್ರ ಪಟ್ಟಿಯ 15ನೇ ವಿಷಯ, ಹಾಗಾಗಿ ಸಂಸತ್ತು ಬೇಕಾದರೆ ಕಾನೂನು ಮಾಡಬಹುದು. ಹೊರಗೆ ಸೈನ್ಯ ಕಳಿಸುವ ಮುಂಚೆ ಮತ ಹಾಕಲೇಬೇಕು ಅನ್ನುವ ನಿಯಮ ಇವತ್ತಿಗೆ ಇಲ್ಲ.

ಮನೋಬಲದ ಮಾತಿಗೆ ಬರುತ್ತೇನೆ. ನಿಮ್ಮ ತಮ್ಮನ ರೆಜಿಮೆಂಟಿನ ಜವಾನರೇ ಶ್ರೀಲಂಕಾಕ್ಕೆ ಹೋಗಿದ್ದರು. 1987ರ ಜುಲೈ 29ರಂದು ರಾಜೀವ್ ಗಾಂಧಿ ಮತ್ತು ಶ್ರೀಲಂಕಾ ಅಧ್ಯಕ್ಷ ಜಯವರ್ಧನೆ ಕೊಲಂಬೊದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ನಮ್ಮವರು ಹೋದದ್ದು ಶಾಂತಿ ಕಾಯಲು. ಅಕ್ಟೋಬರ್ ಹೊತ್ತಿಗೆ ಜಾಫ್ನಾದಲ್ಲಿ ತಮಿಳು ಬಂಡುಕೋರರ ಸಂಘಟನೆಯಾದ ಎಲ್‌ಟಿಟಿಇ ಜೊತೆ ಯುದ್ಧವನ್ನೇ ಮಾಡಬೇಕಾಯಿತು. ಕೆಲಸ ಪೂರ್ತಿ ಬದಲಾಯಿತು, ಆದರೂ ಸಂಸತ್ತಿನಲ್ಲಿ ಮತಕ್ಕೆ ಹಾಕಿ ಹೊಸ ಒಪ್ಪಿಗೆ ಪಡೆಯಲಿಲ್ಲ. ಸುಮಾರು 1,200 ಸೈನಿಕರು ತೀರಿಕೊಂಡರು. 1990ರ ಮಾರ್ಚ್‌ನಲ್ಲಿ ಕೊನೆಯ ತುಕಡಿ ಮದ್ರಾಸಿಗೆ ಬಂದಿಳಿದಾಗ ತಮಿಳುನಾಡಿನ ಮುಖ್ಯಮಂತ್ರಿ ಕರುಣಾನಿಧಿ ಸ್ವಾಗತಿಸಲು ಹೋಗಲಿಲ್ಲ. ಇದನ್ನು ಪಾಠ ಮಾಡುವಾಗ ನನಗೆ ಇವತ್ತಿಗೂ ಸಂಕಟವಾಗುತ್ತದೆ. ಆ ಹುಡುಗರು ಹೇಳಿದ ಕಡೆ ಹೋಗಿದ್ದರು, ಹೇಳಿದ ಕೆಲಸ ಮಾಡಿದ್ದರು. ಹೋಗುವ ಮುಂಚೆ ಮುಗಿಸಬೇಕಿದ್ದ ಜಗಳವನ್ನು ದೇಶ ಅವರು ಬಂದ ಮೇಲೆ ಅವರ ಮೇಲೆ ಹಾಕಿತು. ಮನೋಬಲ ಕುಗ್ಗುವುದು ಇದರಿಂದ. ಮೊದಲೇ ಕೇಳುವ ಪ್ರಶ್ನೆ ನಿಮ್ಮ ತಮ್ಮನ ಪರವಾಗಿ ಕೇಳಿದ ಪ್ರಶ್ನೆ. ಧೈರ್ಯವಾಗಿ ಕೇಳಿ.

ಪ್ರಶ್ನೆ (ನಿವೃತ್ತ ಸುಬೇದಾರ್, ಬಾಗಲಕೋಟೆ): ಮಾಸ್ತರ್‌ರೇ, ನಿಮ್ಮ ಮಾತಿಗೆ ಗೌರವ ಇದೆ. ಆದರೆ ಬಾಲಾಕೋಟ್ ಮುಂಚೆ ಲೋಕಸಭೆಯಲ್ಲಿ ಓಟಿಂಗ್ ಇಟ್ಟಿದ್ದರೆ ಶತ್ರು ಗಂಟುಮೂಟೆ ಕಟ್ಟಿಕೊಂಡು ಹೋಗುತ್ತಿರಲಿಲ್ವಾ?

ಉತ್ತರ: ಸುಬೇದಾರ್ ಸಾಹೇಬ್ರೆ, ನೂರಕ್ಕೆ ನೂರು ಸರಿ. ಒಂದು ರಾತ್ರಿಯ ದಾಳಿಗೆ ಮುಂಚೆ ಯಾರೂ ಓಟಿಂಗ್ ಇಡಬಾರದು. ನಾನು ಕೇಳುತ್ತಿರುವುದು ವರ್ಷಗಟ್ಟಲೆ ಹೊರಗೆ ಕೂರುವ ಸೈನ್ಯದ ಬಗ್ಗೆ.

ಇದಕ್ಕೆ ಫ್ರಾನ್ಸ್ ದಾರಿ ಕಂಡುಕೊಂಡಿದೆ. 2008ರಲ್ಲಿ ತಿದ್ದಿದ ಅಲ್ಲಿನ ಸಂವಿಧಾನದ 35ನೇ ವಿಧಿಯ ಪ್ರಕಾರ ಸರ್ಕಾರ ಮೊದಲು ಹೊಡೆಯಬಹುದು, ಮೂರು ದಿನದೊಳಗೆ ಸಂಸತ್ತಿಗೆ ತಿಳಿಸಬೇಕು. ನಾಲ್ಕು ತಿಂಗಳು ದಾಟುವುದಾದರೆ ಮತ ಬೇಕೇ ಬೇಕು. ಆಫ್ರಿಕಾದ ಮಾಲಿ ದೇಶದಲ್ಲಿ ಜಿಹಾದಿಗಳ ವಿರುದ್ಧ 2013ರ ಜನವರಿಯಲ್ಲಿ ಇಳಿದರು, ಏಪ್ರಿಲ್‌ನಲ್ಲಿ ಸಂಸತ್ತು ಮತ ಹಾಕಿತು. ಆ ಯುದ್ಧ ಚೆನ್ನಾಗಿ ಮುಗಿಯಿತು ಅಂತ ನಾನು ಹೇಳುವುದಿಲ್ಲ. 2022ರ ಆಗಸ್ಟ್‌ನಲ್ಲಿ ಮಾಲಿ ಬಿಟ್ಟು ಬರಬೇಕಾಯಿತು. ಒಮ್ಮೆ ಮತ ಹಾಕಿ ಮರೆತರೆ ಸಾಲದು, ವರ್ಷಕ್ಕೊಮ್ಮೆಯಾದರೂ ಮತ್ತೆ ಕೇಳಬೇಕು.

ಸಿಂಧೂರ್ ವಿಷಯದಲ್ಲಿ ಕಾರ್ಯಾಚರಣೆ 2025ರ ಮೇ 7ರಂದು ಶುರುವಾಯಿತು, ಸಂಸತ್ತಿನಲ್ಲಿ ವಿಶೇಷ ಚರ್ಚೆ ಆದದ್ದು ಜುಲೈ ಕೊನೆಯಲ್ಲಿ. ನಡುವೆ ಸರ್ವಪಕ್ಷ ಸಭೆ ಆಯಿತು, ಆದರೆ ಅದು ಬಾಗಿಲು ಹಾಕಿಕೊಂಡು ನಡೆಯುವಂಥದ್ದು. ಅಲ್ಲಿ ಯಾರು ಏನು ಹೇಳಿದರು ಅಂತ ನಿಮಗೂ ನನಗೂ ದಾಖಲೆ ಸಿಗುವುದಿಲ್ಲ. ಇಷ್ಟು ದಿನ ಕಾಯಿಸಿದ್ದು ಸರಿಯಲ್ಲ ಅನ್ನುವುದು ನನ್ನ ಅಭಿಪ್ರಾಯ.

ಪ್ರಶ್ನೆ (ಪರೀಕ್ಷೆಗೆ ಓದುತ್ತಿರುವವರು, ವಿಜಯಪುರ): ಅಮೆರಿಕ ಕರೆದಾಗ ನಾವು ಇರಾಕ್‌ಗೆ ಹೋಗಲಿಲ್ಲ ಅಲ್ವಾ ಸರ್? ಅದು ಸಂಸತ್ತಿನಿಂದ ಆಯಿತಾ?

ಉತ್ತರ: ಪೂರ್ತಿ ಅಲ್ಲ, ಆದರೆ ಸಂಸತ್ತಿನ ಒತ್ತಡ ದೊಡ್ಡದಿತ್ತು. 2003ರ ಏಪ್ರಿಲ್‌ನಲ್ಲಿ ಲೋಕಸಭೆ ಇರಾಕ್ ಯುದ್ಧದ ವಿರುದ್ಧ ಸರ್ವಾನುಮತದ ನಿರ್ಣಯ ಮಾಡಿತು. ಆಮೇಲೆ ಒಂದು ಡಿವಿಷನ್, ಅಂದರೆ ಸಾವಿರಾರು ಸೈನಿಕರ ದೊಡ್ಡ ಪಡೆ, ಕಳಿಸಿ ಅಂತ ಅಮೆರಿಕ ಕೇಳಿತು. ಸರ್ಕಾರದ ಒಳಗೇ ಕಳಿಸೋಣ ಅನ್ನುವವರಿದ್ದರು, ವಿರೋಧ ಪಕ್ಷಗಳು ಬೇಡ ಎಂದವು. ಜುಲೈ 14ರಂದು ವಾಜಪೇಯಿ ಸರ್ಕಾರದ ಭದ್ರತಾ ಸಮಿತಿ, ವಿಶ್ವಸಂಸ್ಥೆಯ ಸ್ಪಷ್ಟ ಆದೇಶ ಇಲ್ಲದೆ ಕಳಿಸುವುದಿಲ್ಲ ಎಂದು ತೀರ್ಮಾನಿಸಿತು. ಮುಂದೆ ಇರಾಕ್‌ನಲ್ಲಿ ಏನೇನಾಯಿತು ಅಂತ ನೆನೆಸಿಕೊಂಡರೆ, ಆ ‘ಇಲ್ಲ’ ಎಷ್ಟು ಮನೆಗಳನ್ನು ಉಳಿಸಿತೋ!

ಪ್ರಶ್ನೆ (ಗೋಕಾಕ ತಾಲ್ಲೂಕಿನ ಅದೇ ಅಕ್ಕ): ನಾವು ಸಾಮಾನ್ಯ ಜನ ಏನು ಮಾಡಬಹುದು ಸರ್?

ಉತ್ತರ: ನಿಮ್ಮ ಸಂಸದರಿಗೆ ಪತ್ರ ಬರೆಯಿರಿ. ಅವರು ಪ್ರಶ್ನೋತ್ತರ ವೇಳೆಯಲ್ಲಿ ಪ್ರಶ್ನೆ ಹಾಕಬಹುದು, ಖಾಸಗಿ ಸದಸ್ಯರ ಮಸೂದೆ ತರಬಹುದು. ಸೈನಿಕರು ಎಲ್ಲಿದ್ದಾರೆ, ಯಾವ ಆಯುಧ ಅಂತ ಕೇಳಿದರೆ ಭದ್ರತೆ ಅಂತ ಉತ್ತರ ಸಿಗುವುದಿಲ್ಲ, ಸಿಗಲೂಬಾರದು. ‘ಹೊರದೇಶದಲ್ಲಿ ನಾಲ್ಕು ತಿಂಗಳಿಗಿಂತ ಜಾಸ್ತಿ ಸೈನ್ಯ ಇಡಬೇಕಾದರೆ ಸಂಸತ್ತಿನ ಮತ ಕಡ್ಡಾಯ ಮಾಡುವ ಕಾನೂನು ತರುತ್ತೀರಾ’ ಅಂತ ಒಂದೇ ವಾಕ್ಯದಲ್ಲಿ ಕೇಳಿ. ಕರಡು ಬರೆದು ಇಲ್ಲೇ ಹಾಕಿ ಅಕ್ಕಾವ್ರೆ, ಭಾನುವಾರ ಕೂತು ತಿದ್ದಿ ಕೊಡುತ್ತೇನೆ. ಸುಬೇದಾರ್ ಸಾಹೇಬ್ರು ಒಮ್ಮೆ ಕಣ್ಣಾಡಿಸಿದರೆ ಇನ್ನೂ ಒಳ್ಳೆಯದು.