ತೂತಿನ ಡಿಸ್ಕ್ ಹಾಕಿಸಿದ ಮೇಲೆ ನಂದಿ ಇಳಿಯುವಾಗ ಬ್ರೇಕ್ ಹಿಡಿಯುತ್ತಿಲ್ಲ

ಮಲ್ಲೇಶ್ವರಂ ಹ್ಯಾಚ್:
ಎಲ್ಲರಿಗೂ ನಮಸ್ಕಾರ. ನನ್ನದು ಹಳೇ ಹ್ಯಾಚ್‌ಬ್ಯಾಕ್, ಮುಂದಿನ ಬ್ರೇಕ್ ಡಿಸ್ಕ್ ಅಡ್ಡಗಲ 256 ಮಿ.ಮೀ. ಹೋದ ತಿಂಗಳು ಜೆ.ಸಿ. ರಸ್ತೆಯಲ್ಲಿ ತೂತು ಹೊಡೆದ ‘ಪರ್ಫಾರ್ಮೆನ್ಸ್’ ಡಿಸ್ಕ್ ಜೋಡಿ, ಡಿಸ್ಕನ್ನು ಒತ್ತಿ ಹಿಡಿಯುವ ಹೊಸ ಪ್ಯಾಡ್ ತಗೊಂಡೆ. ಊರೊಳಗೆ ಏನೂ ತೊಂದರೆ ಇಲ್ಲ. ಭಾನುವಾರ ನಂದಿ ಬೆಟ್ಟ ಇಳಿಯುವಾಗ ಅರ್ಧ ದಾರಿಗೇ ಸುಟ್ಟ ವಾಸನೆ. ಪೆಡಲ್ ಗಟ್ಟಿಯಾಗೇ ಇತ್ತು, ಆದರೆ ಎಷ್ಟು ಒತ್ತಿದರೂ ಗಾಡಿ ನಿಲ್ಲಲೊಲ್ಲದು. ಪಕ್ಕದಲ್ಲಿದ್ದ ಹೆಂಡತಿ ಇನ್ನೂ ಸರಿಯಾಗಿ ಮಾತಾಡಿಲ್ಲ.

ಮನೆಗೆ ಬಂದು ಒಂದು ಡಿಸ್ಕ್ ಬಿಚ್ಚಿ, ಹಳೇದರ ಜೊತೆ ಬೀದಿ ಕೊನೆಯ ಗುಜರಿ ಅಂಗಡಿ ತಕ್ಕಡಿಗೆ ಹಾಕಿದೆ. ಹಳೇದು 4.9 ಕೆ.ಜಿ., ಹೊಸದು 4.3. ಮಾರಿದವರನ್ನು ಕೇಳಿದರೆ ‘ತೂತು ಇದೆಯಲ್ಲ ಸಾರ್, ಅದಕ್ಕೇ ಹಗುರ, ಹಗುರ ಇದ್ದಷ್ಟೂ ಒಳ್ಳೇದು’ ಅಂತಾರೆ. ನಿಜಾನಾ?

ಜಯನಗರ ಸ್ಪ್ಯಾನರ್:
ಪೆಡಲ್ ಗಟ್ಟಿ ಇತ್ತು ಅಂದ್ರಲ್ಲ, ಹಾಗಾದರೆ ಬ್ರೇಕ್ ಆಯಿಲ್ ಕುದಿದಿಲ್ಲ. ಕುದಿದಿದ್ದರೆ ಪೆಡಲ್ ಮೆತ್ತಗಾಗಿ ಕೆಳಕ್ಕೆ ಹೋಗುತ್ತಿತ್ತು. ಇದು ಪ್ಯಾಡ್ ಅತಿಯಾಗಿ ಕಾದು ಹಿಡಿತ ಬಿಟ್ಟಿದ್ದು.

ತೂತಿನ ಕಥೆ ನಂಬಬೇಡಿ. ಬೀಡು ಕಬ್ಬಿಣ ಒಂದು ಘನ ಸೆಂ.ಮೀ.ಗೆ ಸುಮಾರು 7.2 ಗ್ರಾಂ. ನಿಮ್ಮ ಡಿಸ್ಕ್ ಅಂದರೆ ನಡುವೆ ಗಾಳಿ ಸಂದು ಬಿಟ್ಟ ಎರಡು ತಟ್ಟೆ; ಎರಡೂ ಸೇರಿ 12 ಮಿ.ಮೀ. ದಪ್ಪ ಅಂದುಕೊಳ್ಳಿ. 6 ಮಿ.ಮೀ. ತೂತು ಒಂದಕ್ಕೆ ಹೋಗೋದು ಎರಡೂವರೆ ಗ್ರಾಂ ಒಳಗೆ. 40 ತೂತು ಹೊಡೆದರೂ 100 ಗ್ರಾಂ. ಮಿಕ್ಕ ಅರ್ಧ ಕೆ.ಜಿ. ಎಲ್ಲಿ ಹೋಯಿತು? ಅದೂ ನಿಮ್ಮ ಹಳೇದು ಸವೆದಿರೋದು. ಹೊಸದೇ ಭಾರ ಇರಬೇಕಿತ್ತು ಅಲ್ವಾ?

ವರ್ನಿಯರ್ ತಗೊಂಡು ಅಂಚಿನಲ್ಲಿ ಒಂದೊಂದೇ ತಟ್ಟೆ ಅಳೆಯಿರಿ. ಒಟ್ಟು ದಪ್ಪ ಅಳೆದರೆ ಸಾಲದು, ನಡುವಿನ ಗಾಳಿ ಸಂದೂ ಅದರಲ್ಲೇ ಸೇರಿಬಿಡುತ್ತದೆ.

ಎಚ್‌ಎಸ್‌ಆರ್ 2ನೇ ಗೇರ್:
ಯಾವ ಗೇರಲ್ಲಿ ಇಳಿದಿರಿ? ಕೆಳಗಿನ ಗೇರಲ್ಲಿದ್ದರೆ ಎಂಜಿನ್ನೇ ಗಾಡಿ ತಡೆಯುತ್ತೆ. ನಂದಿ 1478 ಮೀಟರ್, ನಮ್ಮ ಬೆಂಗಳೂರು ಸುಮಾರು 920. ಅಷ್ಟು ಇಳಿಜಾರನ್ನೂ ಬ್ರೇಕಿನ ಮೇಲೇ ಹಾಕಿದರೆ ಯಾವ ಡಿಸ್ಕ್ ತಡೆಯುತ್ತೆ?

ಮಲ್ಲೇಶ್ವರಂ ಹ್ಯಾಚ್:
4ನೇ ಗೇರ್. ಬೈಯಬೇಡಿ, ಹಳೇ ಡಿಸ್ಕ್‌ನಲ್ಲೂ ಹಾಗೇ ಇಳಿಯುತ್ತಿದ್ದೆ.
ಅಳೆದೆ. ಒಟ್ಟು ದಪ್ಪ ಹೊಸದು 22, ಹಳೇದು 21.2. ಆದರೆ ಒಂದೊಂದು ತಟ್ಟೆ ಹಳೇದರಲ್ಲಿ 6.2, ಹೊಸದರಲ್ಲಿ 5.1!

ಜಯನಗರ ಸ್ಪ್ಯಾನರ್:
ಸಿಕ್ಕಿತು ನೋಡಿ. ಎರಡು ತಟ್ಟೆಗೆ 2.2 ಮಿ.ಮೀ. ಕಮ್ಮಿ, ನಿಮ್ಮ ಸೈಜಿಗೆ ಅದೇ ಹತ್ತಿರ ಹತ್ತಿರ 500 ಗ್ರಾಂ. ತೂತಿನದು ಸೇರಿಸಿ, 600. ದಪ್ಪ ದೋಸೆ ಕಾವಲಿ ನಿಧಾನ ಕಾಯುತ್ತೆ, ತೆಳು ತವಾ ಥಟ್ ಅಂತ ಕಾಯುತ್ತೆ. ಇಲ್ಲೂ ಅಷ್ಟೇ.

ಹಗುರ ಡಿಸ್ಕ್ ಅಂದರೆ ಎಲ್ಲವೂ ಮೋಸ ಅಲ್ಲ. ಒಳ್ಳೆಯವುಗಳಲ್ಲಿ ಚಕ್ರದ ನಡುವಿನ ಹಬ್‌ಗೆ ಕೂರುವ ಟೋಪಿ ಭಾಗವನ್ನು ಅಲ್ಯೂಮಿನಿಯಂನಲ್ಲಿ ಮಾಡಿ ತೂಕ ಇಳಿಸುತ್ತಾರೆ. ಪ್ಯಾಡ್ ಉಜ್ಜುವ ತಟ್ಟೆ ತೆಳ್ಳಗೆ ಮಾಡಲ್ಲ. ಅದಕ್ಕೆ ದುಡ್ಡೂ ಜಾಸ್ತಿ.

ಹಳೇ ಡಿಸ್ಕ್ ಮೇಲೆ ಕೆತ್ತಿರುವ ಕನಿಷ್ಠ ದಪ್ಪ ನೋಡಿ. ಅದಕ್ಕಿಂತ ಮೇಲಿದ್ದರೆ ಅದನ್ನೇ ವಾಪಸ್ ಹಾಕಿ. ಪ್ಯಾಡ್ ಮೈ ಗಾಜಿನ ಹಾಗೆ ಹೊಳೆಯುತ್ತಿದ್ದರೆ ಬದಲಾಯಿಸಿ, ಸುಮ್ನೆ ಉಜ್ಜಿ ಹಾಕಬೇಡಿ.

ಮಲ್ಲೇಶ್ವರಂ ಹ್ಯಾಚ್:
‘ಮಿನ್ 20’ ಅಂತ ಕೆತ್ತಿದೆ. ಹಳೇದನ್ನೇ ಹಾಕಿಸಿದೆ, ಪ್ಯಾಡ್ ಹೊಸದು. ಈ ಸಲ 2ನೇ ಗೇರಲ್ಲಿ ಇಳಿದೆ, ವಾಸನೆ ಇಲ್ಲ, ಬ್ರೇಕ್ ಮೊದಲಿನ ಹಾಗೇ ಇದೆ. ತೂತಿನ ಜೋಡಿ ಗುಜರಿಯವರಿಗೇ ಕೊಟ್ಟೆ. ಕೆ.ಜಿ. ಲೆಕ್ಕ, ಹಗುರ ಇದ್ದಿದ್ದಕ್ಕೆ ಅಲ್ಲೂ ನಷ್ಟ ನನಗೇ.