ಫ್ರೆಂಡ್‌ಶಿಪ್ ಶಿಖರಕ್ಕೆ ಜೊತೆಗಾರರನ್ನು ಆರಿಸಿಕೊಳ್ಳುವುದು ಹೇಗೆ?

ತೋಟದವನು, ಚಿಕ್ಕಮಗಳೂರು

ನಮಸ್ಕಾರ. ನಾನು ಕಾಫಿ ಬೆಳೆಗಾರ. ಹೋದ ವರ್ಷ ಮನಾಲಿಯಲ್ಲಿ ಪರ್ವತಾರೋಹಣದ ಪ್ರಾಥಮಿಕ ತರಬೇತಿ ಮುಗಿಸಿದ್ದೇನೆ. ರೋಬಸ್ಟಾ ಕೊಯ್ಲು, ಹೂಮಳೆ ಎಲ್ಲವೂ ಕಳೆದು ತೋಟದಲ್ಲಿ ಸ್ವಲ್ಪ ಬಿಡುವು ಸಿಗುವ ಮುಂದಿನ ಮೇ ತಿಂಗಳಲ್ಲಿ, ಸೋಲಾಂಗ್ ಕಣಿವೆಯ ಮೇಲಿರುವ 5,289 ಮೀಟರ್ ಎತ್ತರದ ಫ್ರೆಂಡ್‌ಶಿಪ್ ಶಿಖರವನ್ನು ಇಬ್ಬರು ಸೇರಿ, ನಮ್ಮ ಹೊರೆಯನ್ನು ನಾವೇ ಹೊತ್ತು ಹತ್ತಬೇಕೆಂಬ ಆಸೆಯಿದೆ. ತರಬೇತಿಯಲ್ಲಿ ನನ್ನೊಡನೆ ಒಂದೇ ಹಗ್ಗಕ್ಕೆ ಕಟ್ಟಿಕೊಂಡು ನಡೆದವರೆಲ್ಲ ಬೇರೆ ಬೇರೆ ರಾಜ್ಯಗಳವರು. ಮುಳ್ಳಯ್ಯನಗಿರಿಗೆ ಜೊತೆಯಾಗುವ ಗೆಳೆಯರು ಹಲವರಿದ್ದರೂ ಅವರಲ್ಲಿ ಯಾರೂ ಹಿಮದ ಮೇಲೆ ಕಾಲಿಟ್ಟವರಲ್ಲ. ಪರಿಚಯವಿಲ್ಲದ ಅನುಭವಿಯನ್ನು ಹುಡುಕಬೇಕೋ, ಅನುಭವವಿಲ್ಲದ ಗೆಳೆಯನನ್ನು ತಯಾರು ಮಾಡಬೇಕೋ?

ಚಾರಣಿಗ, ಸಕಲೇಶಪುರ

ಇಬ್ಬರೇ ಹೋಗುವ ಯೋಚನೆಯನ್ನು ಮೊದಲು ಬಿಡಿ, ಮೂವರಾಗಿ. ಹಿಮನದಿಯ ಬಿರುಕುಗಳು ಹೊಸ ಹಿಮ ಮುಚ್ಚಿಕೊಂಡಾಗ ಕಣ್ಣಿಗೆ ಬೀಳುವುದಿಲ್ಲ. ಒಬ್ಬನು ಒಳಗೆ ಬಿದ್ದರೆ ಅದೇ ಹಗ್ಗಕ್ಕೆ ಕಟ್ಟಿಕೊಂಡಿರುವ ಉಳಿದವನು ಐಸ್ ಆ್ಯಕ್ಸನ್ನು (ಹಿಮಗೊಡಲಿಯನ್ನು) ಹಿಮಕ್ಕೆ ಒತ್ತಿ ಮಲಗಿ, ಆ ಭಾರವನ್ನು ತಡೆದುಕೊಂಡಿರುವಾಗಲೇ ಆ್ಯಂಕರ್ (ಹಗ್ಗ ಕಟ್ಟುವ ಗಟ್ಟಿ ಆಧಾರ) ಹೂಡಿ, ಹಗ್ಗವನ್ನು ಅದಕ್ಕೆ ವರ್ಗಾಯಿಸಿ, ನಂತರ ಪುಲ್ಲಿ ಕಟ್ಟಿ ಮೇಲೆಳೆಯಬೇಕಾಗುತ್ತದೆ. ಒಬ್ಬನೇ ಇದನ್ನು ಮಾಡುವುದು ಬಹಳ ಕಷ್ಟ. ಮೂವರಿದ್ದರೆ ಒಬ್ಬನು ಭಾರ ತಡೆಯುವಷ್ಟು ಹೊತ್ತಿಗೆ ಇನ್ನೊಬ್ಬನ ಕೈಗಳು ಬಿಡುವಾಗಿರುತ್ತವೆ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ, ಗೆಳೆಯನೇ ಸರಿ ಎಂದು. ಆದರೆ ಅವರೂ ಮನಾಲಿಯಲ್ಲೋ ಉತ್ತರಕಾಶಿಯಲ್ಲೋ ಡಾರ್ಜಿಲಿಂಗ್‌ನಲ್ಲೋ ಸುಮಾರು ನಾಲ್ಕು ವಾರದ ತರಬೇತಿ ಮುಗಿಸಿಯೇ ಬರಬೇಕು. ಹಿಮದಲ್ಲಿ ಜಾರಿದಾಗ ತಡೆದು ನಿಲ್ಲುವುದನ್ನು ಶಿಖರಕ್ಕೆ ಹೋಗುವ ದಾರಿಯಲ್ಲಿ ಕಲಿಸಲು ಆಗುವುದಿಲ್ಲ.

ಮಲೆನಾಡಿನವಳು, ಮೂಡಿಗೆರೆ

ತರಬೇತಿಯ ಮಾತನ್ನು ಒಪ್ಪುತ್ತೇನೆ. ಆದರೆ ತರಬೇತಿ ಪಡೆದವರೆಲ್ಲ ಒಳ್ಳೆಯ ಜೊತೆಗಾರರಾಗುವುದಿಲ್ಲ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ತಂಡದಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ನಡೆಯುತ್ತಿದ್ದವರು, ತಮ್ಮಿಂದ ಉಳಿದವರ ಪ್ರಯಾಣ ಕೆಡಬಾರದೆಂದು ಎತ್ತರದ ಕಾಯಿಲೆಯ ಲಕ್ಷಣವಾದ ತಲೆನೋವನ್ನು ಎರಡು ದಿನ ಮುಚ್ಚಿಟ್ಟರು. ಮೂರನೆಯ ರಾತ್ರಿ ವಾಂತಿ ಶುರುವಾಗಿ, ಕತ್ತಲಲ್ಲೇ ಅವರನ್ನು ಕೆಳಗಿಳಿಸಬೇಕಾಯಿತು. ಆ ರಾತ್ರಿಯನ್ನು ನಾನು ಮರೆತಿಲ್ಲ.

3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಅಲ್ಲೇ ತಂಗಬೇಕು. ಹೀಗಿರುವಾಗ ಸುಮಾರು 1,930 ಮೀಟರಿನ ಮುಳ್ಳಯ್ಯನಗಿರಿಯಲ್ಲಿ ಯಾರ ದೇಹ ಎತ್ತರಕ್ಕೆ ಹೊಂದುತ್ತದೆ ಎಂಬುದು ತಿಳಿಯುವುದಿಲ್ಲ. ಸ್ವಭಾವ ಮಾತ್ರ ಚೆನ್ನಾಗಿ ತಿಳಿಯುತ್ತದೆ. ಆಷಾಢದ ಮಳೆಯಲ್ಲಿ, ಇಂಬಳಗಳ ನಡುವೆ, ಹದಿನೈದು ಕಿಲೋ ಹೊರಿಸಿ ಅಲ್ಲಿನ ಸರ್ಪದಾರಿ ಎಂಬ ಕಾಲುದಾರಿ ಹತ್ತಿಸಿ. ಸುಸ್ತಾಯಿತೆಂದು ಬಾಯಿಬಿಟ್ಟು ಹೇಳುವವರು ಯಾರು, ನಾವು ಹಿಂದಿರುಗೋಣ ಎಂದಾಗ ಮುಖ ಗಂಟು ಹಾಕುವವರು ಯಾರು ಎಂಬುದನ್ನು ಗಮನಿಸಿ. ಶಿಖರದ ದಿನ ಎಷ್ಟು ಗಂಟೆಗೆ ಹಿಂದಿರುಗಬೇಕೆಂಬುದನ್ನೂ ಊರಲ್ಲೇ ಮಾತಾಡಿಕೊಳ್ಳಿ.

ತೋಟದವನು, ಚಿಕ್ಕಮಗಳೂರು

ಇಬ್ಬರಿಗೂ ಧನ್ಯವಾದಗಳು. ಮೂವರೆಂದೇ ನಿಶ್ಚಯಿಸಿದೆ. ಒಬ್ಬ ಗೆಳೆಯ ತರಬೇತಿಗೆ ಅರ್ಜಿ ಹಾಕಲು ಒಪ್ಪಿದ್ದಾನೆ. ಮಳೆಗಾಲದ ನಡಿಗೆಗೆ ನಮ್ಮೊಡನೆ ಬರಬಲ್ಲ, ಹಿಮದ ಅನುಭವವಿರುವ ಮೂರನೆಯವರು ಹಾಸನ, ಚಿಕ್ಕಮಗಳೂರಿನ ಕಡೆ ಇದ್ದರೆ ದಯವಿಟ್ಟು ಇಲ್ಲಿ ತಿಳಿಸಿ.