ಅಪ್ಪನಿಗೆಂದು ಬಣ್ಣ ಬಳಿದ ಹೂವಿನ ಚಟ್ಟಿ ಗುಳ್ಳೆ ಎದ್ದಿದೆ, ಬೇಗ ಪರಿಹಾರ ಬೇಕು

ಕಾಪುಕಡಲು: ಈ 31ಕ್ಕೆ ಅಪ್ಪನ ನಿವೃತ್ತಿ. ಕೊಡುವುದಕ್ಕೆಂದು ಮಣ್ಣಿನ ಚಟ್ಟಿಗೆ ಬಿಳಿ ಅಕ್ರಿಲಿಕ್ ಬಳಿದು, ಕಾವಿ ಬಣ್ಣದಲ್ಲಿ ಬಳ್ಳಿ, ನವಿಲು ಬರೆದು, ವಾರ್ನಿಷ್ ಕೂಡ ಹೊಡೆದೆ. ಈಗ ಕೆಳಗಿನ ಅರ್ಧಭಾಗ ಪೂರ್ತಿ ಗುಳ್ಳೆ. ಉಗುರು ತಾಗಿಸಿದರೆ ಸಾಕು, ನವಿಲಿನ ಬಾಲ ಹಪ್ಪಳದಂತೆ ಎದ್ದು ಬರುತ್ತದೆ. ಅದರ ಹಿಂದೆ ಬಿಳಿ ಪುಡಿ. ಮೇಲಿನ ಅಂಚಿಗೆ ಏನೂ ಆಗಿಲ್ಲ. ಬಣ್ಣ ದುಬಾರಿಯದೇ, ಅದನ್ನು ದೂರಬೇಡಿ.

ಬಾವಿಕಟ್ಟೆ: ಬಿಳಿ ಪುಡಿ ಎಂದರೆ ಉಪ್ಪು. ಕಡಲ ಬದಿಯ ಬಾವಿ ನೀರು ಹಾಕಿದರೆ ಹೀಗೆಯೇ. ಮಳೆ ನೀರು ಹಿಡಿದು ಹಾಕಿ.

ಕಾಪುಕಡಲು: ನಮ್ಮದು ನಲ್ಲಿ ನೀರು.

ಬಾವಿಕಟ್ಟೆ: ನಲ್ಲಿಗೆ ನೀರು ಆಕಾಶದಿಂದ ಬರುತ್ತದೆಯೇ ಮಾರಾಯರೇ? ಒಂದು ಲೋಟ ಬತ್ತುವವರೆಗೆ ಕುದಿಸಿ, ತಳದಲ್ಲಿ ಏನು ಉಳಿಯುತ್ತದೆ ನೋಡಿ.

ಜೆಪ್ಪುಹಂಚು: ನೀರು ಯಾವುದಾದರೇನು, ಸುಟ್ಟ ಮಣ್ಣಿನಲ್ಲೂ ಉಪ್ಪಿನ ಅಂಶ ಇರುತ್ತದೆ. ಒಳಗಡೆ ಏನು ಬಳಿದಿದ್ದೀರಿ? ಗಿಡ ನೆಟ್ಟಾಗಿದೆಯೇ?

ಕಾಪುಕಡಲು: ನೆಟ್ಟಿದ್ದೇನೆ, ಶಂಕರಪುರದ ಮಲ್ಲಿಗೆ. ಬಣ್ಣ ಬಳಿದ ಮರುದಿನವೇ. ಕಾಣದ ಒಳಬದಿಗೆ ಯಾರು ಬಳಿಯುತ್ತಾರೆ? ಹೊರಗೆ ಬಣ್ಣಕ್ಕೆ ಮೊದಲು ಮರಗೆಲಸದ ಬಿಳಿ ಅಂಟನ್ನು ನೀರಿನಲ್ಲಿ ಕಲಸಿ ಒಂದು ಕೈ ಕೊಟ್ಟಿದ್ದೆ. ಎಲ್ಲರೂ ಮಾಡುವುದೇ ಅಲ್ಲವೇ ಎಂದು ಬರೆಯಲಿಲ್ಲ.

ಸುಣ್ಣಗಾರೆ: ಒಂದು ತಿದ್ದುಪಡಿ. ಕುಂಚದಲ್ಲಿ ಬರೆದದ್ದು ಕಾವಿ ಕಲೆಯಾಗುವುದಿಲ್ಲ. ಸುಣ್ಣದ ಗಾರೆಯ ಮೇಲೆ ಕೆಂಪು ಬಳಿದು, ಹಸಿ ಇರುವಾಗಲೇ ಕೆರೆದು ಒಳಗಿನ ಬಿಳಿಯನ್ನು ಕಾಣಿಸುವುದು ಕಾವಿ.

ಕಾಪುಕಡಲು: ನಾನು ಕಾವಿ ಬಣ್ಣ ಎಂದೆ, ಕಾವಿ ಕಲೆ ಎನ್ನಲಿಲ್ಲ.

ಮಲ್ಲಿಗೆಮನೆ: ಬಣ್ಣ ಹಾಳಾಗಲಿ, ಅಷ್ಟು ಸಣ್ಣ ಚಟ್ಟಿಯಲ್ಲಿ ಮಲ್ಲಿಗೆಯೇ? ನಮ್ಮ ತಾರಸಿಯಲ್ಲಿ ಸಿಮೆಂಟಿನ ದೊಡ್ಡ ಚಟ್ಟಿಗಳಿವೆ. ಮದುವೆಯ ಕಾಲದಲ್ಲಿ ಚೆಂಡುಗಟ್ಟಲೆ ಹೂ ಕೊಯ್ದು, ಹೂ ಕೊಳ್ಳುವ ಕಟ್ಟೆಗೆ ಕೊಡುತ್ತೇವೆ. ಚಿತ್ರ ಬೇಕಾದರೆ ಹಾಕುತ್ತೇನೆ.

ಜೆಪ್ಪುಹಂಚು: ಚಿತ್ರ ಬೇರೆ ಕಡೆ ಹಾಕಿ. ಕಾಪುವಿನವರೇ, ಮಣ್ಣಿನ ಚಟ್ಟಿಯ ನೀರು ಗೋಡೆಯ ಮೂಲಕ ಹೊರಗೆ ಬಂದು ಆರುತ್ತದೆ. ನೀವು ಹೊರಗೆ ಬಣ್ಣ, ವಾರ್ನಿಷ್ ಎರಡನ್ನೂ ಹಚ್ಚಿ ದಾರಿ ಕಟ್ಟಿದಿರಿ. ನೀರು ಬಣ್ಣದ ಹಿಂದೆ ನಿಂತಿತು, ಜೊತೆಗೆ ಬಂದ ಉಪ್ಪು ಅಲ್ಲೇ ಹರಳುಗಟ್ಟಿ ಬಣ್ಣವನ್ನು ಎಬ್ಬಿಸಿತು. ಒದ್ದೆಯಾದರೆ ಮೆತ್ತಗಾಗುವ ಆ ಅಂಟು ಅಡಿಪಾಯವಾದ ಮೇಲೆ ಕೇಳಬೇಕೇ. ಅಂಚಿನವರೆಗೆ ನೀರು ಏರುವುದಿಲ್ಲ, ಅದಕ್ಕೇ ಅಲ್ಲಿ ಸರಿಯಿದೆ.

ಗಿಡ ತೆಗೆದು ಬಣ್ಣ, ಅಂಟು ಪೂರ್ತಿ ಕೆರೆಯಿರಿ. ಚಟ್ಟಿಯನ್ನು ನೀರಿನಲ್ಲಿ ಮುಳುಗಿಸಿಟ್ಟು ಆಗಾಗ ನೀರು ಬದಲಿಸಿ, ಉಪ್ಪು ಇಳಿಯುತ್ತದೆ. ಆಮೇಲೆ ಚೆನ್ನಾಗಿ ಒಣಗಿಸಿ. ಒಣಗಿದೆಯೋ ಎಂದು ಕೈಯಲ್ಲಿ ಮುಟ್ಟಿ ನಂಬಬೇಡಿ. ರಾತ್ರಿ ಪ್ಲಾಸ್ಟಿಕ್ ಹಾಳೆ ಬಿಗಿದು ಕಟ್ಟಿ, ಬೆಳಿಗ್ಗೆ ಹಾಳೆಯ ಒಳಗೆ ಹನಿ ಇದ್ದರೆ ಇನ್ನೂ ಹಸಿ. ಒಳಬದಿಗೆ ತಳದ ತೂತಿನ ಅಂಚು ಸೇರಿಸಿ ಎರಡು ಕೈ ಕಪ್ಪು ಬಿಟುಮೆನ್ ಬಣ್ಣ, ಅಂದರೆ ಗೋಡೆಗೆ ನೀರು ಇಳಿಯದಂತೆ ತಡೆಯುವ ಡಾಂಬರಿನಂಥ ಬಣ್ಣ. ತೂತು ಮುಚ್ಚಬಾರದು. ಹೊರಗೆ ಗೋಡೆಗೆ ಬಳಿಯುವ ಪ್ರೈಮರ್, ಅದರ ಮೇಲೆ ನಿಮ್ಮ ನವಿಲು.

ಬಾವಿಕಟ್ಟೆ: ಅಂದರೆ ಉಪ್ಪೇ ಕಾರಣ. ನಾನು ಮೊದಲೇ ಹೇಳಿದೆ.

ಕಾಪುಕಡಲು: ಹಾಳೆ ಕಟ್ಟಿದೆ, ಬೆಳಿಗ್ಗೆ ಒಳಗೆಲ್ಲ ಹನಿ. ಇಲ್ಲಿ ಬಟ್ಟೆಯೇ ಒಣಗುತ್ತಿಲ್ಲ, ಚಟ್ಟಿ ಯಾವಾಗ ಒಣಗುವುದು?

ಸುಣ್ಣಗಾರೆ: ಬಚ್ಚಲಿನ ಹಂಡೆಯ ಒಲೆ ಇದ್ದರೆ ಅದರ ಬದಿಯಲ್ಲಿಡಿ.

ಜೆಪ್ಪುಹಂಚು: ಉರಿಯಿಂದ ದೂರ ಇರಲಿ, ಹಸಿ ಚಟ್ಟಿಗೆ ಒಮ್ಮೆಲೇ ಬಿಸಿ ತಾಗಿದರೆ ಬಿರುಕು ಬಿಡಬಹುದು. 31ರೊಳಗೆ ಒಣಗದಿದ್ದರೆ ಬಿಟುಮೆನ್ ಆಸೆ ಬಿಡಿ. ಗಿಡವನ್ನು ತೂತಿರುವ ಪ್ಲಾಸ್ಟಿಕ್ ಚಟ್ಟಿಯಲ್ಲಿಟ್ಟು ಒಳಗೆ ಇಳಿಸಿ, ಅಡಿಗೆ ಎರಡು ಹಂಚಿನ ಚೂರು. ನೀರು ಹಾಕುವಾಗ ಹೊರತೆಗೆದು ಹಾಕುವಂತೆ ಅಪ್ಪನಿಗೆ ಹೇಳಿ.

ಕಾಪುಕಡಲು: ಅಪ್ಪ ಹೊರತೆಗೆದು ನೀರು ಹಾಕುವವರಲ್ಲ. ಒಲೆಯ ಬದಿಯಲ್ಲೇ ಇಟ್ಟಿದ್ದೇನೆ.

ಮಲ್ಲಿಗೆಮನೆ: ಕಿತ್ತ ಮಲ್ಲಿಗೆಯ ಬೇರಿಗೆ ಒದ್ದೆ ಗೋಣಿ ಸುತ್ತಿದಿರೋ ಇಲ್ಲವೋ, ಅದನ್ನು ಯಾರೂ ಕೇಳಲಿಲ್ಲ.